ಹರಪನಹಳ್ಳಿ ಇನ್ನೂ ನಮ್ಮಲ್ಲೇ ಇದೆ

ದಾವಣಗೆರೆಯ ಒಂದು ಕಚೇರಿಯಲ್ಲಿ ಹರಪನಹಳ್ಳಿ ಇನ್ನೂ ನಮ್ಮ ಜಿಲ್ಲೆಯ ತಾಲ್ಲೂಕಾಗಿಯೇ ಉಳಿದಿದೆ. 2018ರಲ್ಲಿ ಅದು ಬಳ್ಳಾರಿಗೆ ವಾಪಸ್ ಹೋಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅಲ್ಲಿಗೆ ಸೇರಿತು. ಇದು ಜನಕ್ಕೆ ಗೊತ್ತು, ಬಸ್ ಕಂಡಕ್ಟರಿಗೂ ಗೊತ್ತು. ಗುತ್ತಿಗೆ ಕೆಲಸಗಾರರ ಲೆಕ್ಕ ಇಡುವ ಆ ಕಚೇರಿಯ ಸಾಫ್ಟ್‌ವೇರ್‌ಗೆ ಮಾತ್ರ ಯಾರೂ ಹೇಳಿಲ್ಲ.

ಯಾವ ಕಚೇರಿ ಅಂತ ಕೇಳಬೇಡಿ. ನಾಲ್ಕಾರು ಕಚೇರಿಗಳನ್ನು ಕಲಸಿ ಒಂದು ಮಾಡಿದ್ದೇನೆ. ಓದಿದ ಮೇಲೆ 'ಇದು ನಮ್ಮದೇ' ಅಂತ ಯಾರಿಗಾದರೂ ಅನ್ನಿಸಿದರೆ ಅದು ಅವರ ದೊಡ್ಡತನ.

ಸಾಫ್ಟ್‌ವೇರ್ ಫಾಕ್ಸ್‌ಪ್ರೊ ಅನ್ನುವ ಹಳೇ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು. ದಾವಣಗೆರೆ ಜಿಲ್ಲೆ ಆದದ್ದು 1997ರ ಆಗಸ್ಟ್ 15ರಂದು. ಸಾಫ್ಟ್‌ವೇರ್ ಅದಕ್ಕಿಂತ ಹಳೆಯದು. ಹಾಗಾಗಿ ಸಂಬಳದ ಪಟ್ಟಿ ಪ್ರಿಂಟ್ ತೆಗೆದರೆ ಮೇಲೆ 'ಚಿತ್ರದುರ್ಗ ಜಿಲ್ಲೆ' ಅಂತಲೇ ಬರುತ್ತದೆ. ತಾಲ್ಲೂಕಿನ ಪಟ್ಟಿಗೆ ಹೊಸ ಹೆಸರು ಸೇರಿಸಲು ಅವಕಾಶ ಇತ್ತು, ಹರಪನಹಳ್ಳಿಯನ್ನು ಆಗ ಸೇರಿಸಿದರು. ತಲೆಬರಹ ಮಾತ್ರ ಪ್ರೋಗ್ರಾಂನ ಹೊಟ್ಟೆಯೊಳಗೆ ಕೂತಿದೆ. ಬರೆದ ಪುಣ್ಯಾತ್ಮ ಈಗ ಎಲ್ಲಿದ್ದಾನೋ! ಅದಕ್ಕೆ ಪ್ರತಿ ತಿಂಗಳು ಚಿತ್ರದುರ್ಗದ ಮೇಲೆ ವೈಟ್ನರ್ ಹಚ್ಚಿ, 'ದಾವಣಗೆರೆ' ಅಂತ ರಬ್ಬರ್ ಸ್ಟಾಂಪ್ ಒತ್ತುತ್ತಾರೆ. ಆ ಕೆಲಸಕ್ಕೇ ಒಬ್ಬರಿದ್ದಾರೆ. ಅವರೂ ಗುತ್ತಿಗೆಯವರೇ.

ಫಾಕ್ಸ್‌ಪ್ರೊಗೆ ಇನ್ನು ಹೊಸ ಆವೃತ್ತಿ ಇಲ್ಲ ಅಂತ ಮೈಕ್ರೋಸಾಫ್ಟ್ 2007ರಲ್ಲೇ ಕೈ ತೊಳೆದುಕೊಂಡಿತು. ವಿಂಡೋಸ್‌ಗಿಂತ ಮುಂಚಿನ ಡಾಸ್ ಕಾಲದ ಪ್ರೋಗ್ರಾಂ ಈಗಿನ 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದೂ ಇಲ್ಲ. ಅದಕ್ಕಾಗಿ ಕಚೇರಿಯಲ್ಲಿ ಒಂದು ವಿಂಡೋಸ್ 7 ಕಂಪ್ಯೂಟರನ್ನು ಉಳಿಸಿಕೊಂಡಿದ್ದಾರೆ. ಅದಕ್ಕೂ ಕಂಪನಿಯ ಬೆಂಬಲ ನಿಂತಿದ್ದು 2020ರ ಜನವರಿ 14ರಂದು, ಸಂಕ್ರಾಂತಿಯ ಹೊತ್ತಿಗೆ. ಆಯುಧ ಪೂಜೆಯಲ್ಲಿ ಮೊದಲ ಕುಂಬಳಕಾಯಿ ಒಡೆಯುವುದು ಸಾಹೇಬರ ಜೀಪಿಗಲ್ಲ, ಈ ಕಂಪ್ಯೂಟರಿಗೆ. ಬೆಂಬಲ ಅಂತ ಈಗ ಉಳಿದಿರುವುದು ಅದೊಂದೇ ಅಲ್ವಾ?

ಇದನ್ನು ಓಡಿಸಲು ಬರುವುದು ಒಬ್ಬ ಹುಡುಗನಿಗೆ ಮಾತ್ರ. ಡೇಟಾ ಎಂಟ್ರಿ ಆಪರೇಟರ್, ಹೊರಗುತ್ತಿಗೆ ಏಜೆನ್ಸಿಯವನು. ಹುಡುಗ ಅಂತ ಕರೆಯುವುದು ಕಚೇರಿಯ ರೂಢಿ. ಅವನ ಮಗಳು ಈಗ ಹೈಸ್ಕೂಲು.

ಇಂಥ ಸಾಫ್ಟ್‌ವೇರ್ ಬದಲಿಸಬೇಕು ಅಂತ ಕೊನೆಗೂ ಹೊಳೆದದ್ದು ಹೇಗೆ? ಸಂಬಳ ತಡವಾಯಿತು ಅಂತ ಕಸ ಗುಡಿಸುವವರು ಗಾಂಧಿ ವೃತ್ತದಲ್ಲಿ ಕೂತಾಗ ಹೊಳೆಯಲಿಲ್ಲ. ಪಿಎಫ್ ಖಾತೆಯಲ್ಲಿ ದುಡ್ಡೇ ಇಲ್ಲ ಅಂತ ಡ್ರೈವರ್‌ಗಳು ಬಂದು ಕೂಗಾಡಿದಾಗಲೂ ಹೊಳೆಯಲಿಲ್ಲ. 'ಅಧಿಕೃತ ದಾಖಲೆಗಳಲ್ಲಿ ವೈಟ್ನರ್ ಬಳಕೆ ಆಕ್ಷೇಪಾರ್ಹ' ಅಂತ ಆಡಿಟ್‌ನವರು ಒಂದು ಸಾಲು ಬರೆದರು ನೋಡಿ, ಆಗ ಹೊಳೆಯಿತು. ಒಂದೇ ವಾರದಲ್ಲಿ ಸಮಿತಿ ಆಯಿತು.

ಸಮಿತಿಯಲ್ಲಿ ಇದ್ದವರೆಲ್ಲ ಕಾಯಂ ನೌಕರರು. ಗುತ್ತಿಗೆಯವರನ್ನು ಸದಸ್ಯರಾಗಿ ಮಾಡಲು ಬರುವುದಿಲ್ಲ, ನಿಯಮ ಹಾಗಿದೆ. ಕಾಯಂನವರ ಸಂಬಳ ಎಚ್‌ಆರ್‌ಎಂಎಸ್ ಅನ್ನುವ ಸರ್ಕಾರದ ಬೇರೆ ಸಾಫ್ಟ್‌ವೇರ್‌ನಲ್ಲಿ ತಾನಾಗಿಯೇ ಆಗುತ್ತದೆ. ಈ ಫಾಕ್ಸ್‌ಪ್ರೊ ಪರದೆ ಯಾವ ಬಣ್ಣ ಅಂತಲೂ ಅವರಿಗೆ ತಿಳಿಯದು. (ನೀಲಿ.) ಆಪರೇಟರ್ ಹುಡುಗನನ್ನೂ ಸಭೆಗೆ ಕರೆದಿದ್ದರು, ಪ್ರೊಜೆಕ್ಟರ್ ಜೋಡಿಸಲು. ಜೋಡಿಸಿದ ಮೇಲೆ ಹೊರಗೆ ಕಳಿಸಿದರು. ಪ್ರೊಜೆಕ್ಟರ್ ಆಫ್ ಆದಾಗಲೆಲ್ಲ ಮತ್ತೆ ಕರೆದರು. ಹಾಗಾಗಿ ಎಲ್ಲ ಸದಸ್ಯರಿಗಿಂತ ಅವನ ಹಾಜರಾತಿಯೇ ಜಾಸ್ತಿ.

ಮೊದಲು ಮೌಲ್ಯಮಾಪನದ ಮಾನದಂಡ ಬರೆದರು. ಒಟ್ಟು 100 ಅಂಕ. ಕಂಪನಿಯ ವಹಿವಾಟಿಗೆ 40. ಅನುಭವಕ್ಕೆ 30. ಬೆಂಗಳೂರಿನಲ್ಲಿ ಸ್ವಂತ ಕಚೇರಿ ಇದ್ದರೆ 20. ಉಳಿದ 10 ಪ್ರೆಸೆಂಟೇಶನ್‌ಗೆ. ಸಾಫ್ಟ್‌ವೇರ್‌ಗೆ ಎಷ್ಟು ಅಂತ ಒಬ್ಬ ಕಿರಿಯ ಸದಸ್ಯ ಕೇಳಿದ. "ಅದು ಪ್ರೆಸೆಂಟೇಶನ್‌ನಾಗೇ ಬಂತಲ್ಲಪ್ಪ" ಅಂದರು ಅಧ್ಯಕ್ಷರು. ಕೆಲಸಗಾರನಿಗೆ ಸಂಬಳ ಯಾವ ತಾರೀಖು ಸಿಗುತ್ತದೆ, ಅವನ ಹಾಜರಿಯನ್ನು ಅವನೇ ನೋಡಬಹುದಾ, ಮುಂದೆ ಕಂಪನಿ ಬಿಟ್ಟುಹೋದರೆ ನಮ್ಮ ಮಾಹಿತಿ ನಮ್ಮ ಕೈಗೆ ಸಿಗುತ್ತದಾ ಅನ್ನುವುದಕ್ಕೆಲ್ಲ ಅಂಕ ಉಳಿದಿರಲಿಲ್ಲ. 100 ಮುಗಿದಿತ್ತು.

ಟೆಂಡರ್ ಕರೆಯದೆ ಪಾರದರ್ಶಕತೆ ಕಾಯ್ದೆಯ 4ಜಿ ಕಲಂನ ವಿನಾಯಿತಿ ಪಡೆಯೋಣ ಅನ್ನುವ ಮಾತೂ ಬಂತು. ಊರಿನ ಮೊಬೈಲ್‌ಗಳು 5ಜಿಗೆ ಹೋದರೂ ಸರ್ಕಾರಿ ಖರೀದಿಗೆ 4ಜಿ ಮೇಲಿನ ಪ್ರೀತಿ ಹೋಗಿಲ್ಲ. ಈ ಸಲ ಯಾಕೋ ಅದು ಆಗಲಿಲ್ಲ. ಟೆಂಡರೇ ಆಯಿತು. ಮೂರು ಕಂಪನಿಗಳು ಬಂದವು.

ಮೊದಲನೆಯದು ಬೆಂಗಳೂರಿನದು. ವಂದೇ ಭಾರತ್ ರೈಲಿನಲ್ಲಿ ಬಂದಿಳಿದು, ಬೆಣ್ಣೆ ದೋಸೆ ಮುಗಿಸಿ, ಬೂಟಿನ ಸದ್ದು ಮಾಡುತ್ತಾ ಬಂದರು. ಅಮೆರಿಕದಲ್ಲಿ ದೊಡ್ಡ ಕಂಪನಿಗಳು ತಾತ್ಕಾಲಿಕ ಕೆಲಸಗಾರರಿಗೆ ಅಂತಲೇ ಬೇರೆ ಸಾಫ್ಟ್‌ವೇರ್ ಇಟ್ಟುಕೊಳ್ಳುತ್ತವೆ, ಫೀಲ್ಡ್‌ಗ್ಲಾಸ್ ಅಂತ ಒಂದನ್ನು 2014ರಲ್ಲಿ ಸ್ಯಾಪ್ ಕಂಪನಿ ಕೊಂಡುಕೊಂಡಿತು ಅಂತೆಲ್ಲ ಹೇಳಿದರು. ಅದು ನಿಜವೇ. ಅಲ್ಲಿ ಯಾವ ಏಜೆನ್ಸಿಯಿಂದ ಯಾರು ಬಂದರು, ಎಷ್ಟು ಗಂಟೆ ದುಡಿದರು, ಏಜೆನ್ಸಿ ಎಷ್ಟಕ್ಕೆ ಬಿಲ್ ಹಾಕಿತು ಅನ್ನುವುದೆಲ್ಲ ಒಂದೇ ಕಡೆ ಕಾಣುತ್ತದೆ. ಅಧ್ಯಕ್ಷರು ಪೂರ್ತಿ ಕೇಳಿದರು. ಆಮೇಲೆ, "ಇದ್ರಾಗೆ ಮಸ್ಟರ್ ರೋಲ್ ಉದ್ದಕ್ಕೆ ಬರುತ್ತೋ ಅಡ್ಡಕ್ಕೆ ಬರುತ್ತೋ?" ಅಂತ ಕೇಳಿದರು. ಎರಡೂ ಬರುತ್ತೆ ಸರ್ ಅಂದರು. ಒಳ್ಳೆಯ ಅಂಕ ಸಿಕ್ಕಿತು.

ಎರಡನೆಯ ಕಂಪನಿಯ ಮುಖಗಳು ಎಲ್ಲೋ ನೋಡಿದ ಹಾಗಿದ್ದವು. ಕಚೇರಿಗೆ ಗುತ್ತಿಗೆ ಕೆಲಸಗಾರರನ್ನು ಕೊಡುವ ಏಜೆನ್ಸಿಯೇ ಬೇರೆ ಹೆಸರಿನಲ್ಲಿ ಸಾಫ್ಟ್‌ವೇರ್ ಮಾರಲು ಬಂದಿತ್ತು. ಗುತ್ತಿಗೆದಾರನ ಮೇಲೆ ಕಣ್ಣಿಡುವ ಸಾಫ್ಟ್‌ವೇರನ್ನು ಗುತ್ತಿಗೆದಾರನೇ ಮಾಡಿಕೊಟ್ಟರೆ ಎಷ್ಟು ಅನುಕೂಲ ನೋಡಿ! ಅವನಿಗೆ ತನ್ನ ಬಗ್ಗೆ ಎಲ್ಲ ಗೊತ್ತಿರುತ್ತದೆ. ಇದರಲ್ಲಿ ತಪ್ಪೇನಿದೆ ಅಂತ ಸಮಿತಿ ಬಹಳ ಹೊತ್ತು ಯೋಚಿಸಿತು. ತಪ್ಪು ಸಿಗಲಿಲ್ಲ, ಆದರೆ ಅವರ ರೇಟು ಜಾಸ್ತಿ ಇತ್ತು. ಅಷ್ಟರಿಂದ ಬಚಾವಾದೆವು.

ಮೂರನೆಯವರು ಹಾಜರಿ ಯಂತ್ರದವರು. ಇವರ ಕಥೆ ಸ್ವಲ್ಪ ಹೇಳಲೇಬೇಕು. ಮೊದಲು ಬೆರಳಚ್ಚಿನ ಯಂತ್ರ ತಂದಿಟ್ಟರು. ಮೂವತ್ತು ವರ್ಷ ಪೊರಕೆ ಹಿಡಿದು, ಬ್ಲೀಚಿಂಗ್ ಪೌಡರ್ ಎರಚಿದ ಕೈಗಳಲ್ಲಿ ಬೆರಳಿನ ಗೆರೆ ಎಲ್ಲಿ ಉಳಿದಿರುತ್ತದೆ? ಯಂತ್ರ 'ಮತ್ತೆ ಪ್ರಯತ್ನಿಸಿ' ಅಂದಿತು. ಮತ್ತೆ ಮತ್ತೆ ಅಂದಿತು. ಕೆಲಸ ಕಡಿಮೆ ಮಾಡುವವರ ಬೆರಳು ಮಾತ್ರ ಒಂದೇ ಸಲಕ್ಕೆ ಒಪ್ಪಿಗೆ ಆಗುತ್ತಿತ್ತು. ಆದ್ದರಿಂದ ಸಾಹೇಬರ ಹಾಜರಿ ನೂರಕ್ಕೆ ನೂರು.

ಹಾಗಾದರೆ ಮುಖ ಗುರುತು ಹಿಡಿಯುವ ಆ್ಯಪ್ ಇರಲಿ ಅಂದರು. ಬೀದಿ ಗುಡಿಸುವ ಕೆಲಸ ಬೆಳಗಿನ ಜಾವಕ್ಕೇ ಶುರು. ಧನುರ್ಮಾಸದ ಕತ್ತಲಲ್ಲಿ ಕ್ಯಾಮೆರಾಗೆ ಮುಖ ಕಾಣುವುದಿಲ್ಲ. ಬೀದಿದೀಪದ ಕೆಳಗೆ ನಿಂತುಕೊಳ್ಳಿ ಅಂದರು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲೇ ಬಂದ ಊರು ನಮ್ಮದು, ದೀಪ ಹುಡುಕಲು ಹೆಚ್ಚು ಹೊತ್ತೇನೂ ಆಗಲಿಲ್ಲ. ಆದರೆ ದೀಪದ ಕೆಳಗೆ ಸಾಲು ನಿಂತು ಮುಖ ತೋರಿಸುವಷ್ಟರಲ್ಲಿ ಬೆಳಕಾಗಿ, ಎಲ್ಲರಿಗೂ 'ತಡ' ಅಂತ ಬಿತ್ತು. ಇಷ್ಟು ಸಾಲದು ಅಂತ ಆ್ಯಪ್‌ಗೆ ಒಂದು ಗಡಿ ಬೇರೆ ಹಾಕಿದ್ದರು. ಕಚೇರಿಯ ನೂರು ಮೀಟರ್ ಒಳಗಿದ್ದರೆ ಮಾತ್ರ ಹಾಜರಿ. ನಿಟುವಳ್ಳಿಯಲ್ಲಿ ಚರಂಡಿ ಎತ್ತುವವನು ಹಾಜರಿಗಾಗಿ ಕಚೇರಿಗೆ ಬಂದರೆ ಚರಂಡಿ ಅಲ್ಲೇ ಉಳಿಯುತ್ತದೆ, ಚರಂಡಿಗೆ ಹೋದರೆ ಅವನು ಗೈರು. ಬುದ್ಧಿವಂತರು ಕೆಲವರು ಕಚೇರಿಯ ಕಾಂಪೌಂಡನ್ನೇ ದಿನಾ ಗುಡಿಸತೊಡಗಿದರು. ಅಷ್ಟು ಚೊಕ್ಕವಾದ ಕಾಂಪೌಂಡ್ ಇಡೀ ಊರಿನಲ್ಲೇ ಇರಲಿಲ್ಲ.

ಕೊನೆಗೆ ಬೆಂಗಳೂರಿನ ಕಂಪನಿಯೇ ಗೆದ್ದಿತು. ಈಗ ಹಳೇ ಮಾಹಿತಿಯನ್ನು ಹೊಸದಕ್ಕೆ ಸಾಗಿಸಬೇಕು. ಇಂಥ ಬದಲಾವಣೆಗಳಲ್ಲಿ ನಿಜವಾದ ಕಷ್ಟ ಇರುವುದೇ ಇಲ್ಲಿ. ಡೆಮೊದಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ.

ಫಾಕ್ಸ್‌ಪ್ರೊದಲ್ಲಿ ಹೆಸರು ಇಂಗ್ಲಿಷ್‌ನಲ್ಲಿತ್ತು, ಅದೂ ಇಪ್ಪತ್ತು ಅಕ್ಷರಕ್ಕೆ ಕತ್ತರಿಸಿದ್ದು. ಹಾಜರಿಯ ಎಕ್ಸೆಲ್ ಹಾಳೆ ಕನ್ನಡದಲ್ಲಿತ್ತು, ಹಳೇ ನುಡಿ ಫಾಂಟ್‌ನಲ್ಲಿ. ಆ ಫಾಂಟ್ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಹೊಸ ಸಾಫ್ಟ್‌ವೇರ್ ಅದನ್ನು ತೆರೆದಾಗ ನಮ್ಮ ಹನುಮಂತಪ್ಪ, ದುರುಗಮ್ಮ, ಬಸಮ್ಮ ಎಲ್ಲರೂ ಫ್ರೆಂಚ್ ಅಕ್ಷರಗಳ ಕಸವಾಗಿ ಬಿದ್ದಿದ್ದರು. ಆಧಾರ್‌ನಲ್ಲಿ ಹನುಮಂತಪ್ಪನಿಗೆ ಇಂಗ್ಲಿಷಿನ ಎಚ್ ಎರಡು, ಪಿಎಫ್‌ನಲ್ಲಿ ಒಂದು, ಬ್ಯಾಂಕಿನಲ್ಲಿ ಅವನು ಬರೀ ಹನುಮಂತ. ಮೂವರೂ ಒಬ್ಬನೇ ಅಂತ ಸಾಫ್ಟ್‌ವೇರ್ ಒಪ್ಪಲಿಲ್ಲ. ಹುಟ್ಟಿದ ವರ್ಷ ಹಳೆಯದರಲ್ಲಿ ಎರಡೇ ಅಂಕಿ. 67 ಅಂತಿದ್ದದ್ದನ್ನು ಹೊಸದು 2067 ಅಂತ ಓದಿತು. ಇನ್ನೂ ಹುಟ್ಟದವರಿಗೆ ಸಂಬಳ ಕೊಡುತ್ತಿದ್ದೀರಿ ಅಂತ ಎಚ್ಚರಿಕೆ ಕೊಟ್ಟಿತು. ಸಮಿತಿಯವರು ಒಂದು ಕ್ಷಣ ಬೆಚ್ಚಿದರು. ಇದು ಯಾರಿಗೆ ಹೇಗೆ ಗೊತ್ತಾಯಿತು ಅಂತ.

ಯಾಕೆ ಬೆಚ್ಚಿದರು ಅನ್ನುವುದಕ್ಕೆ ಹರಪನಹಳ್ಳಿಯ ಕಥೆ ಹೇಳಬೇಕು. ಆ ತಾಲ್ಲೂಕನ್ನು ಪಟ್ಟಿಯಿಂದ ತೆಗೆಯದೇ ಇದ್ದದ್ದು ಮರೆವಿನಿಂದಲ್ಲ. ಯಾವ ವಾರ್ಡಿನಲ್ಲೂ ಕಾಣದ, ಸಂಬಳದ ದಿನ ಮಾತ್ರ ಕಾಣುವ ಕೆಲವು ಹೆಸರುಗಳಿಗೆ ಒಂದು ವಿಳಾಸ ಬೇಕಲ್ಲ? ಬೇರೆ ಜಿಲ್ಲೆಗೆ ಹೋದ ತಾಲ್ಲೂಕಿಗೆ ತಪಾಸಣೆಗೆ ಯಾರು ಹೋಗುತ್ತಾರೆ?

ಹೊಸ ಸಾಫ್ಟ್‌ವೇರ್‌ಗೆ ಒಂದು ಕೆಟ್ಟ ಅಭ್ಯಾಸ ಇತ್ತು. ಹಾಜರಿ, ಏಜೆನ್ಸಿಯ ಬಿಲ್ಲು, ಬ್ಯಾಂಕಿಗೆ ಹೋದ ದುಡ್ಡು ಮೂರನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತಿತ್ತು. ಹಳೆಯದಕ್ಕೆ ಕೂಡಿಸಲು ಬರುತ್ತಿತ್ತು, ತಾಳೆ ನೋಡಲು ಬರುತ್ತಿರಲಿಲ್ಲ. ಅದು ಅಷ್ಟು ವರ್ಷ ಬಾಳಿದ್ದೇ ಅದಕ್ಕೆ. ಏಜೆನ್ಸಿ ಕೆಲಸಗಾರನ ಸಂಬಳದಲ್ಲಿ ಪಿಎಫ್‌ಗೆ 12%, ಇಎಸ್‌ಐಗೆ 0.75% ಹಿಡಿಯುತ್ತದೆ. ಮಾಲೀಕನ ಪಾಲು ಅಂತ ಪಿಎಫ್, ಇಎಸ್‌ಐ ದುಡ್ಡನ್ನು ಕಚೇರಿಯ ಬಿಲ್ಲಿಗೂ ಸೇರಿಸುತ್ತದೆ. ಎರಡೂ ಪಾಲು ಕೆಲಸಗಾರನ ಖಾತೆ ಮುಟ್ಟಿತಾ ಅಂತ ನೋಡಲು ಹಳೆಯದರಲ್ಲಿ ಒಂದು ಕಾಲಂ ಕೂಡ ಇರಲಿಲ್ಲ. ಹೊಸದು ಒಂದು ಗುಂಡಿ ಒತ್ತಿದ್ದಕ್ಕೇ ಪರದೆ ತುಂಬ ಕೆಂಪು ಸಾಲು ತೋರಿಸಿತು. ಹರಪನಹಳ್ಳಿಯಂತೂ ಮೇಲಿಂದ ಕೆಳಗೆ ಕೆಂಪು.

ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಅಧ್ಯಕ್ಷರು ಕನ್ನಡಕ ಒರೆಸಿಕೊಂಡು ಕೇಳಿದರು: "ಈ ಸೌಲಭ್ಯ ತೆಗೆಯಾಕೆ ಬರುತ್ತೇನ್ರಿ?"

"ಬರುತ್ತೆ ಸರ್. ಆದರೆ ಅದು ಕಸ್ಟಮೈಸೇಶನ್. ಚಾರ್ಜ್ ಬೇರೆ ಆಗುತ್ತೆ."

ಇದ್ದದ್ದನ್ನು ತೆಗೆಯಲು ಹೆಚ್ಚುವರಿ ದುಡ್ಡಿಗೆ ಅವತ್ತೇ ಒಪ್ಪಿಗೆ ಸಿಕ್ಕಿತು. ಅಷ್ಟು ಬೇಗ ಆ ಕಚೇರಿಯಲ್ಲಿ ಇನ್ಯಾವ ಕಡತವೂ ಓಡಿದ್ದಿಲ್ಲ.

ಕಾನೂನಿನ ಮಾತೂ ನಡುವೆ ಬಂತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ, ಅಂದರೆ ಕೆಲಸ ಮಾಡಿಸಿಕೊಳ್ಳುವ ಕಚೇರಿಯೇ ಕೊಟ್ಟು ಆಮೇಲೆ ವಸೂಲಿ ಮಾಡಿಕೊಳ್ಳಬೇಕು ಅಂತ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಆಗಬೇಕು ಅನ್ನುತ್ತದೆ ಅದರಲ್ಲಿನ ವೇತನ ಸಂಹಿತೆ. "ಯಾವ ತಿಂಗಳ 7 ಅಂತ ಸ್ಪಷ್ಟೀಕರಣ ಕೇಳಿ ಬರೀರಿ" ಅಂದರು ಅಧ್ಯಕ್ಷರು. ಪತ್ರ ಹೋಗಿದೆ.

ಈಗ ಹೊಸ ಸಾಫ್ಟ್‌ವೇರ್ ಬಂದಿದೆ. ಮೂರು ತಿಂಗಳು ಹಳೆಯದನ್ನೂ ಜೊತೆಗೆ ಓಡಿಸಿ ನೋಡೋಣ ಅಂತ ತೀರ್ಮಾನ ಆಯಿತು. ಎಲ್ಲ ಕಡೆ ಹಾಗೆ ಮಾಡುತ್ತಾರೆ, ಅದು ಒಳ್ಳೆಯದೇ. ಎರಡರ ಲೆಕ್ಕ ಸೇರದಿದ್ದರೆ ಯಾವುದನ್ನು ನಂಬುವುದು? ಅದಕ್ಕೆ ಮೇಸ್ತ್ರಿಯ ಉದ್ದ ನೋಟ್‌ಬುಕ್ ಇದೆ. ಸಂಬಳ ಆಗುವುದು ಅದರಿಂದಲೇ. ನೋಟ್‌ಬುಕ್ಕಿನಿಂದ ಫಾಕ್ಸ್‌ಪ್ರೊಗೆ, ಫಾಕ್ಸ್‌ಪ್ರೊದಿಂದ ಹೊಸದಕ್ಕೆ ಹುಡುಗ ಎರಡು ಸಲ ಕುಟ್ಟುತ್ತಾನೆ. ಸಮಯ ಉಳಿತಾಯ ಆಗಿದೆ ಅಂತ ವರದಿಯನ್ನೂ ಅವನೇ ಟೈಪ್ ಮಾಡಿದ. ವೈಟ್ನರ್ ಹಚ್ಚುವವರಿಗೆ ಈಗ ಸ್ಕ್ಯಾನ್ ಮಾಡುವ ಕೆಲಸ ಕೊಟ್ಟಿದ್ದಾರೆ. ಹಚ್ಚಿದ ಮೇಲೆ ಸ್ಕ್ಯಾನ್ ಮಾಡಬೇಕು.

ಹೊಸದಕ್ಕೆ ಒಬ್ಬ ಅಡ್ಮಿನ್ ಬೇಕಿತ್ತು. ಓಟಿಪಿ ಬರುವ ಮೊಬೈಲ್ ನಂಬರ್ ಕೊಡಲು ಸಮಿತಿಯ ಯಾರೂ ಒಪ್ಪಲಿಲ್ಲ. ನಾಳೆ ಏನಾದರೂ ಆದರೆ ನಂಬರ್ ಸಮೇತ ಸಿಕ್ಕಿಬೀಳಬೇಕು ನೋಡಿ. ಹುಡುಗನ ನಂಬರ್ ಹಾಕಿದರು. ಗುತ್ತಿಗೆಯ ಅವಧಿ ಮುಗಿದವರ ಐಡಿಯನ್ನು ರಾತ್ರಿ 12ಕ್ಕೆ ತಾನಾಗಿಯೇ ಮುಚ್ಚುವ ವ್ಯವಸ್ಥೆ ಮಾತ್ರ ಆ ಸಾಫ್ಟ್‌ವೇರ್‌ನಲ್ಲಿ ತಪ್ಪದೆ ಕೆಲಸ ಮಾಡುತ್ತಿತ್ತು. ಅದನ್ನು ಯಾರೂ ತೆಗೆಸಿರಲಿಲ್ಲ.

ಹುಡುಗನ ಹನ್ನೊಂದು ತಿಂಗಳು ಮುಗಿಯಿತು. ಕಾಯಂ ಮಾಡಿ ಅಂತ ಮುಂದೆ ಕೇಳಬಾರದು ನೋಡಿ, ಅದಕ್ಕೆ ಒಂದು ದಿನ ಬ್ರೇಕ್ ಕೊಟ್ಟರು. ಅವನು ಜಗಳೂರು ಕಡೆಯ ತನ್ನ ಊರಿಗೆ ಹೋಗಿ ಮೆಕ್ಕೆಜೋಳದ ಕೊಯ್ಲಿಗೆ ನಿಂತ. ಬೆಳಿಗ್ಗೆ ಇಲ್ಲಿ ಸಾಫ್ಟ್‌ವೇರ್ ತೆರೆಯಲಿಲ್ಲ. ಮುಚ್ಚಿದ ಐಡಿಯನ್ನು ಮತ್ತೆ ತೆರೆಯಲು ಅಡ್ಮಿನ್ ನಂಬರಿಗೆ ಬರುವ ಓಟಿಪಿಯೇ ಬೇಕು. ಬಿಲ್ಲು ಕಳಿಸಲು ಅವತ್ತೇ ಕೊನೆಯ ದಿನ. ಸೂಪರಿಂಟೆಂಡೆಂಟ್ ಫೋನ್ ಮಾಡಿದರು.

"ಓಟಿಪಿ ಬಂದೈತಿ ನೋಡಪ, ಹೇಳು."

"ಸರ್, ನಾನು ಇವತ್ತು ಕೆಲಸದಲ್ಲೇ ಇಲ್ಲ."

"ಗೊತ್ತೈತಪ್ಪ, ಇದ್ದಿದ್ರೆ ಫೋನ್ ಯಾಕೆ ಮಾಡ್ತಿದ್ದೆ? ಹೇಳು."

ಹುಡುಗ ಆರು ಅಂಕಿ ಹೇಳಿದ. ಸಾಫ್ಟ್‌ವೇರ್ ತೆರೆಯಿತು. ಆ ತಿಂಗಳ ಬಿಲ್ಲಿನಲ್ಲಿ ಅವನ ಒಂದು ದಿನದ ಕೂಲಿ ಹಿಡಿದು, ಸಲ್ಲಿಸು ಒತ್ತಿದರು.