ನವೆಂಬರ್‌ನ ಡಬ್ಬಿ, ಆಶ್ವಯುಜದ ಬುಟ್ಟಿ

ಅಕ್ಟೋಬರ್ ಮುಗಿಯುತ್ತಿದ್ದಂತೆ ಅಮೆರಿಕದ ಶಾಲೆ, ಲೈಬ್ರರಿ, ದಿನಸಿ ಅಂಗಡಿಗಳ ಬಾಗಿಲಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆಗಳು ಬಂದು ಕೂರುತ್ತವೆ. ನವೆಂಬರ್‌ನ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಇಲ್ಲದವರ ಮನೆಗೂ ದಿನಸಿ ಸೇರಲಿ ಎಂಬ ಉದ್ದೇಶ. ಇಲ್ಲಿರುವ ನಮ್ಮವರೂ ಧಾರಾಳವಾಗಿಯೇ ಕೊಡುತ್ತಾರೆ. ಆದರೆ ಕೊಡುವ ಬಗೆಯಲ್ಲಿ ನಮ್ಮದೇ ಭೂಮಿ ಹುಣ್ಣಿಮೆಯನ್ನು ಮರೆತಿದ್ದೇವೆ ಅನಿಸುತ್ತದೆ.

ಆಶ್ವಯುಜದ ಹುಣ್ಣಿಮೆಗೆ ಮಲೆನಾಡಿನ ಗದ್ದೆಗಳಲ್ಲಿ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಭೂಮಿತಾಯಿ ಈಗ ಬಸುರಿ, ಅವಳಿಗೆ ಬಯಕೆ ಊಟ ಬಡಿಸಬೇಕು ಎಂಬುದು ರೈತರ ನಂಬಿಕೆ. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಂಗಸರು ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಬಿಳಿಯ ಎಳೆಗಳಲ್ಲಿ ಚಿತ್ತಾರ ಬರೆದು, ರಾತ್ರಿಯಿಡೀ ಅಡುಗೆ ಮಾಡುತ್ತಾರೆ. ನಸುಕಿನಲ್ಲಿ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಹಲವು ಬಗೆಯ ಸೊಪ್ಪು ಬೆರೆಸಿದ ಅಡುಗೆಯನ್ನು ಭೂಮಿಗೆ ಬೀರುತ್ತಾರೆ. ಉತ್ತರ ಕರ್ನಾಟಕದಲ್ಲಿ ಇದೇ ಸೀಗಿ ಹುಣ್ಣಿಮೆ. ಹೊಲದಲ್ಲಿ ಚರಗ, ಅಂದರೆ ಭೂಮಿತಾಯಿಯ ಪಾಲಿನ ಅಡುಗೆ ಚೆಲ್ಲಿ, ನೆರೆಹೊರೆಯವರನ್ನೂ ಕೂರಿಸಿಕೊಂಡು ಕಡಬು, ಶೇಂಗಾ ಹೋಳಿಗೆ, ಪುಂಡಿ ಪಲ್ಯ ಉಣ್ಣುವ ದಿನ. ಥ್ಯಾಂಕ್ಸ್‌ಗಿವಿಂಗ್ ಸುಗ್ಗಿ ಮುಗಿದ ಮೇಲಿನ ಕೃತಜ್ಞತೆ. ನಮ್ಮದು ಕಾಳು ಗಟ್ಟಿಯಾಗುವ ಮೊದಲೇ, ಬೆಳೆ ಕೈಗೆ ಹತ್ತುತ್ತದೋ ಇಲ್ಲವೋ ತಿಳಿಯದ ಹೊತ್ತಿನಲ್ಲಿ ಸಲ್ಲಿಸುವಂಥದ್ದು. ಅದಕ್ಕಿಂತ ದೊಡ್ಡ ಮಾತೆಂದರೆ, ಅಲ್ಲಿ ಅಡುಗೆ ಆಗುವುದು ಉಣ್ಣುವವಳ ಬಯಕೆಗೆ.

ಇಲ್ಲಿನ ಪೆಟ್ಟಿಗೆಗಳಲ್ಲಿ ಬೀಳುವುದೇ ಬೇರೆ. ಕಪಾಟಿನ ಮೂಲೆಯಲ್ಲಿ ಉಳಿದಿದ್ದ ಕುಂಬಳಕಾಯಿ ಡಬ್ಬಿ, ಒಡೆದ ಪ್ಯಾಕೆಟ್ಟು, ಮನೆಯಲ್ಲೇ ಹಾಕಿದ ಉಪ್ಪಿನಕಾಯಿ. ಅಂಚಿನ ಜೋಡಣೆಯ ಮೇಲೆ ನಜ್ಜಾದ ಅಥವಾ ಉಬ್ಬಿದ ಡಬ್ಬಿಯನ್ನು ನೇರ ಕಸಕ್ಕೇ ಹಾಕಬೇಕು. ಉಬ್ಬಿದ್ದೆಂದರೆ ಒಳಗೆ ಬಾಟ್ಯುಲಿಸಂ ಎಂಬ ಮಾರಕ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆದಿರಬಹುದು. ನಮ್ಮವರ ಎಡವಟ್ಟು ಇನ್ನೊಂದು ಬಗೆಯದು: 20 ಪೌಂಡಿನ ಸೋನಾ ಮಸೂರಿ ಚೀಲ. ಪ್ರೀತಿಯಿಂದಲೇ ಕೊಡುತ್ತಾರೆ, ನಿಜ. ಆದರೆ ಸ್ವಯಂಸೇವಕರು ಆ 9 ಕಿಲೋ ಅಕ್ಕಿಯನ್ನು ಬಿಡಿಸಿ, ಸಣ್ಣ ಪೊಟ್ಟಣ ಕಟ್ಟಿ, ಲೇಬಲ್ ಹಚ್ಚಬೇಕು; ಅದಕ್ಕೆ ಬೇಕಾದ ಶುಚಿಯಾದ ಜಾಗ ಸಣ್ಣ ಪ್ಯಾಂಟ್ರಿಗಳಲ್ಲಿ, ಅಂದರೆ ಇಲ್ಲದವರಿಗೆ ದಿನಸಿ ಹಂಚುವ ಕೇಂದ್ರಗಳಲ್ಲಿ, ಇರುವುದಿಲ್ಲ. ಅದೇ ದುಡ್ಡಿಗೆ 1–2 ಪೌಂಡಿನ ಪೊಟ್ಟಣಗಳನ್ನು ತಂದರೆ ಬಂದ ದಿನವೇ ಹಂಚಿಹೋಗುತ್ತವೆ.

ಬೇಯಿಸಿದ ಕಡಲೆ, ಹುರುಳಿಕಾಯಿ ಡಬ್ಬಿ, ಶೇಂಗಾ ಬೆಣ್ಣೆ, ಓಟ್ಸ್, ಅಡುಗೆ ಎಣ್ಣೆ ಎಲ್ಲ ಕಡೆಯೂ ಬೇಕಾದವು. ಡಬ್ಬಿಯಾದರೆ ಕೈಯಲ್ಲೇ ಎಳೆದು ತೆಗೆಯುವ ಮುಚ್ಚಳದ್ದು ತನ್ನಿ. ಮನೆಯಿಲ್ಲದೆ ಕಾರಿನಲ್ಲಿ ಮಲಗುವವರ ಬಳಿ ಒಲೆಯೂ ಇಲ್ಲ, ಡಬ್ಬಿ ತೆರೆಯುವ ಸಲಕರಣೆಯೂ ಇಲ್ಲ. ಗಾಜಿನ ಬಾಟಲಿ ಬೇಡ. ಒಂದು ಒಡೆದರೆ ಇಡೀ ಪೆಟ್ಟಿಗೆ ಹಾಳು. ಅವಲಕ್ಕಿ, ರವೆ ಕೊಡಲೇಬೇಕೆಂದಿದ್ದರೆ ಮಾಡುವ ವಿಧಾನವನ್ನು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಅಂಟಿಸಿ. ಎಲ್ಲಕ್ಕಿಂತ ಮೊದಲು ಪ್ಯಾಂಟ್ರಿಗೆ ಫೋನ್ ಮಾಡಿ ಈ ವಾರ ಏನು ಬೇಕು ಎಂದು ಕೇಳಿ. ಅವರು ಹೇಳುವ ಪಟ್ಟಿಯೇ ಇಲ್ಲಿನ ಬಯಕೆ. ದುಡ್ಡೇ ಸಾಕು ಎಂದರೆ ಬೇಸರ ಬೇಡ. ಸಗಟಿನಲ್ಲಿ ಕೊಳ್ಳುವ ಅವರಿಗೆ ಅದೇ ಮೊತ್ತದಲ್ಲಿ ನಮಗಿಂತ ಹೆಚ್ಚು ಸಿಗುತ್ತದೆ.

ಇಲ್ಲಿನ ಕನ್ನಡ ಸಂಘದ ದೀಪಾವಳಿ ಊಟದಲ್ಲಿ ಮಿಕ್ಕ ಬಿಸಿಬೇಳೆಬಾತ್‌ನದು ಬೇರೆಯೇ ಲೆಕ್ಕ. ಮನೆಯ ಅಡುಗೆಯನ್ನು ಸಾಮಾನ್ಯವಾಗಿ ಯಾರೂ ತೆಗೆದುಕೊಳ್ಳುವುದಿಲ್ಲ. ಪರವಾನಗಿ ಇರುವ ಕೇಟರರ್ ಮಾಡಿದ ಅಡುಗೆಯನ್ನು ಕೆಲವು ಊಟದ ಕೇಂದ್ರಗಳು ಒಪ್ಪುತ್ತವೆ, ಹಿಂದಿನ ದಿನವೇ ತಿಳಿಸಿದರೆ. ಬಿಸಿಯದು 57 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು, ತಣ್ಣನೆಯದು 5 ಡಿಗ್ರಿ ಮೀರಬಾರದು. ನಡುವಿನ ಉಗುರುಬೆಚ್ಚಗೆಯಲ್ಲೇ ಅನ್ನ ಕೆಡುವುದು. ಗೋಡಂಬಿ, ಶೇಂಗಾ, ತುಪ್ಪ ಹಾಕಿದ್ದರೆ ಬರೆದು ಕೊಡಿ, ಅಲರ್ಜಿ ಇರುವವರ ಜೀವದ ಪ್ರಶ್ನೆ. ಕಾನೂನಿನ ಭಯದಿಂದ ಚೆಲ್ಲುವವರಿಗೆ ಒಂದು ಮಾತು: 1996ರ ಬಿಲ್ ಎಮರ್ಸನ್ ಕಾಯ್ದೆಯು ಸದುದ್ದೇಶದಿಂದ ಸಂಸ್ಥೆಗಳಿಗೆ ಆಹಾರ ಕೊಟ್ಟವರಿಗೆ ರಕ್ಷಣೆ ನೀಡುತ್ತದೆ.

ಕೊಡುವ ಕಾಲವನ್ನೂ ಯೋಚಿಸಬೇಕು. ನವೆಂಬರ್, ಡಿಸೆಂಬರ್‌ನಲ್ಲಿ ತುಂಬಿದ ಕಪಾಟು ಹಬ್ಬ ಮುಗಿದ ಮೇಲೆ ಬರಿದಾಗತೊಡಗುತ್ತದೆ. ಬೇಸಿಗೆ ರಜೆಯಲ್ಲಂತೂ ಶಾಲೆಯ ಊಟ ತಪ್ಪಿದ ಮಕ್ಕಳು ಮನೆಯಲ್ಲಿರುತ್ತಾರೆ. ಹೀಗಾಗಿ ನವೆಂಬರ್‌ನಲ್ಲಿ ನೂರು ಡಾಲರ್ ಕೊಡುವವರು ಅದನ್ನು ತಿಂಗಳಿಗೆ ಹತ್ತರಂತೆ ಕೊಟ್ಟರೆ ಬರುವ ಆಗಸ್ಟಿನವರೆಗೂ ಸಲ್ಲುತ್ತದೆ.

ಇಲ್ಲಿಂದ ಊರಿಗೆ ಒಯ್ಯಬೇಕಾದದ್ದೂ ಇದೆ. ಎಷ್ಟೋ ಪ್ಯಾಂಟ್ರಿಗಳಲ್ಲಿ ಈಗ ಚೀಲ ತುಂಬಿಸಿ ಕೈಗಿಡುವುದಿಲ್ಲ. ಬಂದವರು ಅಂಗಡಿಯಲ್ಲಿ ನಡೆದಂತೆ ಕಪಾಟುಗಳ ನಡುವೆ ನಡೆದು ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ. ತಿನ್ನದ ವಸ್ತು ಮನೆಗೆ ಹೋಗುವುದೂ ಇಲ್ಲ, ವ್ಯರ್ಥವಾಗುವುದೂ ಇಲ್ಲ. ನಮ್ಮಲ್ಲಿ ನೆರೆ ಬಂದಾಗ ಹಂಚುವ ಕಿಟ್‌ನಲ್ಲಿ ಎಲ್ಲರಿಗೂ ಒಂದೇ ಅಕ್ಕಿ, ಒಂದೇ ಬೇಳೆ, ಜೊತೆಗೆ ಕೊಟ್ಟವರೊಂದಿಗೆ ನಿಂತು ಒಂದು ಫೋಟೊ. ಫೋಟೊ ಕೈಬಿಡಿ. ಅಕ್ಕಿ, ರಾಗಿ ಹಿಟ್ಟು, ಜೋಳದ ಹಿಟ್ಟು, ತೊಗರಿ, ಹೆಸರು, ಎಣ್ಣೆ, ಬೆಲ್ಲ, ಸೋಪು ಇವನ್ನು ಮೇಜಿನ ಮೇಲೆ ಬೇರೆಬೇರೆ ಜೋಡಿಸಿ, ಮನೆಗೆ ಇಷ್ಟು ಪೊಟ್ಟಣವೆಂದು ಗೊತ್ತುಮಾಡಿ, ಆಯ್ಕೆಯನ್ನು ಅವರಿಗೇ ಬಿಡಿ. ಮುದ್ದೆ ಉಣ್ಣುವವರು ರಾಗಿ ಒಯ್ಯಲಿ, ರೊಟ್ಟಿ ತಟ್ಟುವವರು ಜೋಳ ಒಯ್ಯಲಿ.