ಓಆರ್‌ಎಸ್ ಪುಡಿ: ಲೋಟಕ್ಕೊಂದು ಚಮಚ ಅಲ್ಲ, ಇಡೀ ಪೊಟ್ಟಣ ಒಂದೇ ಸಲ

‘ಮಗುವಿಗೆ ಭೇದಿಯಾದರೆ ಲೋಟ ನೀರಿಗೆ ಒಂದು ಚಮಚ ಓಆರ್‌ಎಸ್ ಹಾಕಿ, ರುಚಿಗೆ ಜ್ಯೂಸ್ ಬೆರೆಸಿ’ ಎಂಬ ವಾಟ್ಸ್ಆ್ಯಪ್ ಸಂದೇಶ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ. ಓಆರ್‌ಎಸ್ ಎಂದರೆ ಭೇದಿಯಲ್ಲಿ ದೇಹ ಕಳೆದುಕೊಳ್ಳುವ ನೀರು, ಲವಣ ತುಂಬಿಕೊಡಲು ನೀರಿನಲ್ಲಿ ಕರಗಿಸಿ ಕುಡಿಸುವ ಪುಡಿ.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್‌ಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರಬೇಕು. ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಸೇರುತ್ತವೆ, ನೀರು ಅವನ್ನು ಹಿಂಬಾಲಿಸುತ್ತದೆ. ಪೊಟ್ಟಣದಲ್ಲಿ ಪುಡಿ ಸಮವಾಗಿ ಬೆರೆತಿರದೇ ಇರಬಹುದು. ಚಮಚದಲ್ಲಿ ತೆಗೆದರೆ ಒಮ್ಮೆ ಉಪ್ಪು, ಒಮ್ಮೆ ಸಕ್ಕರೆ ಹೆಚ್ಚು ಬರಬಹುದು. ಉಪ್ಪು ಹೆಚ್ಚಾದರೆ ರಕ್ತದಲ್ಲಿ ಸೋಡಿಯಂ ಏರುತ್ತದೆ. ಜ್ಯೂಸ್‌ನ ಸಕ್ಕರೆ ನೀರನ್ನು ಕರುಳಿಗೇ ಎಳೆದು ಭೇದಿ ಹೆಚ್ಚಿಸುತ್ತದೆ.

ಪೊಟ್ಟಣದ ಮೇಲೆ ಎಷ್ಟು ನೀರು ಎಂದು ನೋಡಿ: ದೊಡ್ಡದಕ್ಕೆ 1 ಲೀಟರ್, ಚಿಕ್ಕದಕ್ಕೆ 200 ಮಿ.ಲೀ. ಕುದಿಸಿ ಆರಿಸಿದ ನೀರನ್ನು ಅಳೆದು ಪೂರ್ತಿ ಪುಡಿ ಸುರಿಯಿರಿ. ಪ್ರತಿ ಭೇದಿಯ ನಂತರ 2 ವರ್ಷದೊಳಗಿನವರಿಗೆ 50–100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100–200 ಮಿ.ಲೀ. ವಾಂತಿಯಾದರೆ 10 ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಕೊಡಿ. ಎದೆಹಾಲು ನಿಲ್ಲಿಸಲೇಬೇಡಿ. ಓಆರ್‌ಎಸ್ ಕಲಸಿ 24 ಗಂಟೆ ದಾಟಿದರೆ ಉಳಿದ ದ್ರಾವಣವನ್ನು ಚೆಲ್ಲಿ.

ಮಗು ಮಂಕಾಗಿದ್ದರೆ, ಕಣ್ಣು ಗುಳಿಬಿದ್ದರೆ, ಕುಡಿಯಲಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.