ಸತ್ಯಾಂಶ: ಎಂಪಿ ಆದ ವಕೀಲರು ಸನದು (ವಕೀಲಿ ಮಾಡುವ ಪರವಾನಗಿ) ವಾಪಸ್ ಕೊಡಬೇಕಾ?

"ವಕೀಲರು ಎಂಪಿ ಆದ ಕೂಡಲೇ ಸನದು ಒಪ್ಪಿಸಬೇಕು. ಮತ್ತೆ ಕರಿ ಕೋಟು ಹಾಕಿದರೆ ಸದಸ್ಯತ್ವವೇ ರದ್ದು." ಕಾರವಾರ, ಶಿರಸಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಈ ಮಾತು ನಿಜವಲ್ಲ.

ಗೊಂದಲಕ್ಕೆ ಕಾರಣ ಸಂಬಳ. ವಕೀಲರಿಗೆ ನಿಯಮ ರೂಪಿಸುವ ಬಾರ್ ಕೌನ್ಸಿಲ್‌ನ 49ನೇ ನಿಯಮದ ಪ್ರಕಾರ ಪೂರ್ಣಾವಧಿ ಸಂಬಳದ ನೌಕರರು ವಕೀಲಿ ಮಾಡುವಂತಿಲ್ಲ. ಎಂಪಿಗೂ ತಿಂಗಳು ತಿಂಗಳು ಸಂಬಳ ಬರುತ್ತದೆ, ಅಲ್ವಾ? ಇದೇ ವಾದ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. 2018ರ ಸೆಪ್ಟೆಂಬರ್ 25ರಂದು ಕೋರ್ಟ್ ಅದನ್ನು ತಳ್ಳಿಹಾಕಿತು. ಖಜಾನೆಯಿಂದ ಹಣ ಬಂದ ಮಾತ್ರಕ್ಕೆ ಜನಪ್ರತಿನಿಧಿ ಸರ್ಕಾರದ ನೌಕರ ಆಗುವುದಿಲ್ಲ; ಅಲ್ಲಿ ಯಜಮಾನ–ನೌಕರ ಸಂಬಂಧವೇ ಇಲ್ಲ. ಹಾಗಾಗಿ ಶಿರಸಿಯ ವಕೀಲರೊಬ್ಬರು ಗೆದ್ದು ದಿಲ್ಲಿಗೆ ಹೋದರೂ, ಅಧಿವೇಶನ ಮುಗಿಸಿ ಬಂದು ಊರಿನ ಕೋರ್ಟಿನಲ್ಲಿ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡು ಜಾಗದ) ಕೇಸು ನಡೆಸಬಹುದು. ಪುರುಸೊತ್ತು ಸಿಗುತ್ತದಾ ಅನ್ನೋದು ಬೇರೆ ಮಾತು.

ವಕೀಲಿಯಿಂದ ಸಂಸತ್ತಿಗೆ ಹೋದವರು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಹೊಸಬರೇನಲ್ಲ. ಕೆನರಾ ಕ್ಷೇತ್ರದಿಂದ ಜೋಕಿಂ ಆಳ್ವ 1952, 1957, 1962ರಲ್ಲಿ ಗೆದ್ದರು. 1999ರಲ್ಲಿ ಗೆದ್ದ ಮಾರ್ಗರೆಟ್ ಆಳ್ವ ಅವರ ಸೊಸೆ. ಅವರೂ ಕಾನೂನು ಓದಿದವರೇ.

ಅಂದ ಹಾಗೆ, ಎಂಪಿ ಆಗಲು ಕಾನೂನು ಪದವಿ ಬೇಕು ಅನ್ನೋದೂ ಸುಮ್ನೆ ಮಾತು. ಸಂವಿಧಾನ ಯಾವ ಪದವಿಯನ್ನೂ ಕೇಳುವುದಿಲ್ಲ. ಲೋಕಸಭೆಗೆ ನಿಲ್ಲಲು 25 ವರ್ಷ ತುಂಬಿರಬೇಕು, ರಾಜ್ಯಸಭೆಗೆ 30.